ಮನೆಯ ಮಂಗಳಕಾರ್ಯವೂ ಬಂಧುಬಳಗವೂ

ಮನುಷ್ಯನು ಬರುವಾಗಲೂ ಒಬ್ಬನೇ, ಹೋಗುವಾಗಲೂ ಒಬ್ಬನೇ ಎಂದು ವೈರಾಗ್ಯವನ್ನು ಬೋಧಿಸುವವರು ಹೇಳುವುದುಂಟು. ನಮ್ಮ ಮನೆಗಳಲ್ಲಿ ನಡೆಯುವ ಕಾರ್ಯಗಳನ್ನು ನೋಡಿದರೆ ಈ ಮಾತು ಅರ್ಧ ಮಾತ್ರವೇ ನಿಜವೆಂದು ತೋರುತ್ತದೆ. ಮಗು ಇನ್ನೂ ಗರ್ಭದಲ್ಲಿರುವಾಗಲೇ ಅದಕ್ಕಾಗಿ ಹತ್ತು ಮಂದಿ ನೆರೆದಿರುತ್ತಾರೆ. ತವರಿನವರು ಹಸಿರು ಸೀರೆಯನ್ನೂ ಹಸಿರು ಬಳೆಯನ್ನೂ ತಂದಿರುತ್ತಾರೆ. ಕೊನೆಯ ದಿನವೂ ಹೆಗಲು ಕೊಡಲು ನಾಲ್ವರು ಬೇಕು. ಇವೆರಡರ ನಡುವೆ ಹೆಸರಿಡುವುದು, ಜಾವಳ, ದೀಕ್ಷೆ, ಮದುವೆ ಎಂದು ಧರ್ಮವು ಎಲ್ಲೆಲ್ಲಿ ಮೈಲಿಗಲ್ಲುಗಳನ್ನು ನೆಟ್ಟಿದೆಯೋ ಅಲ್ಲೆಲ್ಲ ಬಂಧುಗಳು ಬಂದು ನಿಂತಿದ್ದಾರೆ. ಅವರು ಅಲ್ಲಿ ಏಕೆ ನಿಂತಿದ್ದಾರೆ? ಊಟಕ್ಕೆಂದೆ? ಉಡುಗೊರೆಗೆಂದೆ? ಅಥವಾ ಅವರಿಲ್ಲದೆ ಆ ಕಾರ್ಯವೇ ಪೂರ್ತಿಯಾಗದೆಂಬ ಕಾರಣದಿಂದಲೆ? ಈ ಹೊತ್ತು ನಾವು ವಿಚಾರ ಮಾಡತಕ್ಕ ಪ್ರಶ್ನೆ ಇದು.

ಇದನ್ನು ವಿಚಾರಿಸುವುದಕ್ಕೆ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಎಂಬ ನಾಲ್ಕು ಊರುಗಳ ಸೀಮೆಯನ್ನು ನಾವು ಆರಿಸಿಕೊಂಡಿದ್ದೇವೆ. ಘಟಪ್ರಭೆ, ಮಲಪ್ರಭೆ, ಕೃಷ್ಣೆ ಎಂಬ ಮೂರು ನದಿಗಳು ಈ ಸೀಮೆಯ ಬದುಕನ್ನು ರೂಪಿಸಿವೆ. ಮೊದಲು ವಿಜಾಪುರ ಜಿಲ್ಲೆಗೆ ಸೇರಿದ್ದ ಈ ಭಾಗವು 1997ರಲ್ಲಿ ಬಾಗಲಕೋಟೆಯೆಂಬ ಹೆಸರಿನಿಂದಲೇ ಬೇರೆ ಜಿಲ್ಲೆಯಾಯಿತು. ನೇಕಾರರು, ಒಕ್ಕಲಿಗರು, ವ್ಯಾಪಾರಿಗಳು, ಕಲ್ಲುಕುಟಿಗರು ಇಲ್ಲಿ ನೆರೆಹೊರೆಯಾಗಿ ಬಾಳಿದ್ದಾರೆ. ಒಬ್ಬರ ಮನೆಯ ಕಾರ್ಯಕ್ಕೆ ಇನ್ನೊಬ್ಬರ ಕೈಗೆಲಸ ಬೇಕಾಗುವಂತೆ ಬದುಕನ್ನು ಹೆಣೆದುಕೊಂಡಿದ್ದಾರೆ.

ಧರ್ಮಕಾರ್ಯಕ್ಕೂ ಕುಟುಂಬಕ್ಕೂ ಇರುವ ಸಂಬಂಧವು ಇಲ್ಲಿ ಎಷ್ಟು ಹಳೆಯದೆಂಬುದಕ್ಕೆ ಬಾದಾಮಿಯ ಮೂರನೆಯ ಗುಹೆಯೇ ಸಾಕ್ಷಿಯಾಗಿದೆ. ಚಾಲುಕ್ಯರ ಮಂಗಲೇಶನು ಶಕವರ್ಷ 500ರಲ್ಲಿ, ಎಂದರೆ ಕ್ರಿ.ಶ. 578ರಲ್ಲಿ, ಕಾರ್ತಿಕದ ಹುಣ್ಣಿಮೆಯಂದು ಅಲ್ಲಿ ವಿಷ್ಣುವನ್ನು ಪ್ರತಿಷ್ಠೆ ಮಾಡಿಸಿದನೆಂದು ಅಲ್ಲಿಯ ಶಾಸನವು ತಿಳಿಸುತ್ತದೆ. ಇಂಥ ಮಹತ್ಕಾರ್ಯದ ಪುಣ್ಯವನ್ನು ಅವನು ತನಗಾಗಿ ಇಟ್ಟುಕೊಳ್ಳಲಿಲ್ಲ. ಅದನ್ನು ತನ್ನ ಅಣ್ಣನಾದ ಕೀರ್ತಿವರ್ಮನಿಗೆ ಸಲ್ಲಿಸಿ, ಅಣ್ಣನ ಸೇವೆ ಮಾಡಿದುದರ ಫಲವು ಮಾತ್ರ ತನಗಿರಲಿ ಎಂದನು. ಅರಸನ ಮನೆಯಲ್ಲಿ ದಾಯಾದಿಗಳ ಜಗಳ ಇಲ್ಲದೆ ಹೋಗಲಿಲ್ಲ. ಮುಂದೆ ಅದೇ ಮಂಗಲೇಶನಿಗೂ ಅಣ್ಣನ ಮಗನಾದ ಪುಲಕೇಶಿಗೂ ಯುದ್ಧವೇ ನಡೆಯಿತು. ಆದರೂ ಕಲ್ಲಿನಲ್ಲಿ ಬರೆಯಿಸುವಾಗ ಅವನಿಗೆ ತೋರಿದ ಧರ್ಮವೆಂದರೆ, ಪುಣ್ಯವೆಂಬುದು ಒಬ್ಬನೇ ಉಣ್ಣುವ ವಸ್ತುವಲ್ಲ ಎಂಬುದು.

ಅರಸರ ಮಾತು ಹಾಗಿರಲಿ. ಸಾಮಾನ್ಯರ ಮನೆಗೆ ಬರೋಣ. ಇಲ್ಲಿಯ ಹೆಣ್ಣುಮಗಳು ಮೊದಲ ಬಸುರಿಯಾದಾಗ ನಡೆಯುವುದು ಕುಬುಸದ ಕಾರ್ಯ. ತವರಿನವರು ಬುತ್ತಿ ಕಟ್ಟಿಕೊಂಡು ಬರುತ್ತಾರೆ. ಹೋಳಿಗೆ, ಕಡಬು, ಮಾದಲಿ, ಬಗೆಬಗೆಯ ರೊಟ್ಟಿ, ಚಟ್ನಿ ಎಂದು ಬುಟ್ಟಿಬುಟ್ಟಿಯಾಗಿ ಬರುವ ಆ ಬುತ್ತಿಯನ್ನು ಓಣಿಯ ಮನೆಮನೆಗೂ ಹಂಚುತ್ತಾರೆ. ಬಸುರಿಗೆ ಉಡಿಸುವ ಸೀರೆ ಇಳಕಲ್ಲಿನದು. ಕುಬುಸಕ್ಕೆ ಬೇಕಾದ ಖಣ ಗುಳೇದಗುಡ್ಡದ್ದು. ಉಡಿಯಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಸಿನದ ಬೇರು, ಉತ್ತತ್ತಿ, ಎಲೆಅಡಿಕೆಗಳನ್ನು ತುಂಬುತ್ತಾರೆ. ಬಾಣಂತನಕ್ಕೆಂದು ಅಂಟಿನುಂಡೆಯನ್ನು ಕಟ್ಟುತ್ತಾರೆ. ಹುನಗುಂದದ ಹಾದಿಯಲ್ಲಿರುವ ಅಮೀನಗಡದ ಕರದಂಟೂ ಅಂಟು, ಕೊಬ್ಬರಿ, ಬೆಲ್ಲಗಳಿಂದ ಆದ ಅದೇ ಜಾತಿಯ ತಿನಿಸು.

ಇಳಕಲ್ಲಿನ ಸೀರೆಯ ನೇಯ್ಗೆಯಲ್ಲಿ ಒಂದು ವಿಶೇಷವುಂಟು. ಅದರ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲಿನದು ಸಾಮಾನ್ಯವಾಗಿ ಹತ್ತಿ, ಸೆರಗಿನದು ರೇಷ್ಮೆ. ಈ ಎರಡು ಹಾಸುಗಳ ನೂಲುಗಳನ್ನು ಒಂದರ ಕುಣಿಕೆಯಲ್ಲಿ ಇನ್ನೊಂದನ್ನು ತೂರಿಸಿ, ಎಳೆಗೆ ಎಳೆಯಾಗಿ ಕೂಡಿಸುವುದಕ್ಕೆ ಕೊಂಡಿಯೆನ್ನುತ್ತಾರೆ. ನೂರಾರು ಕೊಂಡಿಗಳನ್ನು ಕೈಯಿಂದಲೇ ಹಾಕಬೇಕು. ಈ ಕೆಲಸವನ್ನು ಬಹುಮಟ್ಟಿಗೆ ಮನೆಯ ಹೆಂಗಸರೇ ಮಾಡುವರು. ಬಸುರಿಯು ಉಟ್ಟುಕೊಂಡ ಸೀರೆಯಲ್ಲಿ ಹೀಗೆ ಎರಡು ಕುಲದ ನೂಲು ಕೂಡಿರುವಂತೆ, ಅವಳ ಒಡಲಿನಲ್ಲಿಯೂ ಎರಡು ಮನೆತನಗಳು ಕೂಡಿವೆ. ಕುಬುಸದ ದಿನ ಬೀಗರು ಬೀಗರ ಮನೆಯಲ್ಲಿ ಉಣ್ಣುವುದಕ್ಕೆ ಇರುವ ಅರ್ಥ ಇದೇ.

ಮಗು ಹುಟ್ಟಿದ ಮೇಲೆ ತೊಟ್ಟಿಲ ಕಾರ್ಯ. ಇಲ್ಲಿ ಯಜಮಾನಿಕೆಯೆಲ್ಲ ಹೆಂಗಸರದು. ತೊಟ್ಟಿಲಿನ ಸುತ್ತ ಅಜ್ಜಿ, ಚಿಕ್ಕಮ್ಮ, ದೊಡ್ಡಮ್ಮ, ನೆರೆಮನೆಯವರು ನಿಂತು, ಮಗುವನ್ನು ತೊಟ್ಟಿಲ ಕೆಳಗಿನಿಂದಲೂ ಮೇಲಿನಿಂದಲೂ ಕೈಯಿಂದ ಕೈಗೆ ದಾಟಿಸುತ್ತಾರೆ. ಬಳಿಕ ಸೋದರತ್ತೆಯು ಬಾಗಿ ಮಗುವಿನ ಕಿವಿಯಲ್ಲಿ ಕುರ್ರ್ ಎಂದು ಹೆಸರನ್ನು ಉಸುರುತ್ತಾಳೆ. ಅವಳು ಬಾಗಿರುವಾಗ ಉಳಿದವರು ಅವಳ ಬೆನ್ನಿಗೆ ಗುದ್ದು ಹಾಕುವುದು ವಾಡಿಕೆ. ನಗೆಯಾಟವೆಂದು ತೋರುವ ಈ ಗುದ್ದಿನಲ್ಲಿಯೂ ಒಂದು ಅಭಿಪ್ರಾಯವಿರಬಹುದು. ಸೋದರತ್ತೆಯೆಂದರೆ ಈ ಮನೆಯಲ್ಲಿ ಹುಟ್ಟಿ ಬೇರೆ ಮನೆಗೆ ಹೋದವಳು. ಹೋದವಳನ್ನು ಮರಳಿ ಕರೆದು, ಈ ಮನೆಯ ಹೊಸ ಜೀವಕ್ಕೆ ಹೆಸರು ಕೊಡುವ ಅಧಿಕಾರವನ್ನು ಅವಳಿಗೇ ಒಪ್ಪಿಸುತ್ತಾರೆ. ಆ ಹೆಸರನ್ನು ಕೊಟ್ಟುದನ್ನು ಅವಳು ಮರೆಯದಿರಲೆಂದು ಬೆನ್ನಿಗೂ ನೆನಪು ಬರೆಯುತ್ತಾರೆ!

ಲಿಂಗವಂತರ ಮನೆಗಳಲ್ಲಿ ಇದಕ್ಕಿಂತಲೂ ಗಂಭೀರವಾದ ಕಾರ್ಯವೆಂದರೆ ಲಿಂಗಧಾರಣೆ. ಜಂಗಮನು ಬಂದು ಕೂಸಿನ ಹಣೆಗೆ ವಿಭೂತಿಯನ್ನಿಟ್ಟು, ಇಷ್ಟಲಿಂಗವನ್ನು ಅದಕ್ಕೆ ಸಂಬಂಧಿಸುತ್ತಾನೆ. ಎಳೆಗೂಸಿಗೆ ಲಿಂಗವನ್ನು ಕಾಪಾಡಿಕೊಳ್ಳುವ ಶಕ್ತಿ ಎಲ್ಲಿಯದು? ಆದಕಾರಣ ಅನೇಕ ಮನೆಗಳಲ್ಲಿ ಮಗುವು ತಿಳಿವಳಿಕೆಗೆ ಬರುವವರೆಗೆ ತಾಯಿಯೇ ಆ ಲಿಂಗವನ್ನು ಜೋಪಾನ ಮಾಡುತ್ತಾಳೆ. ಮುಂದೆ ವಯಸ್ಸು ಬಂದಾಗ ಗುರುವು ದೀಕ್ಷೆಯನ್ನಿತ್ತು, ಅಂಗೈಯಲ್ಲಿ ಲಿಂಗವನ್ನಿರಿಸಿ, ಕಿವಿಯಲ್ಲಿ ಮಂತ್ರವನ್ನು ಹೇಳುತ್ತಾನೆ. ಅಲ್ಲಿಯವರೆಗೆ ಮಗುವಿನ ಧರ್ಮವು ಮನೆಯವರಲ್ಲಿ ಇಟ್ಟ ಒಂದು ಇಡುಗಂಟು. ಇಡುಗಂಟನ್ನು ಇಟ್ಟ ದಿನ ಸಾಕ್ಷಿಗಳು ಬೇಕು. ಅದನ್ನು ಒಡೆಯನಿಗೆ ಮರಳಿ ಒಪ್ಪಿಸುವ ದಿನವೂ ಸಾಕ್ಷಿಗಳು ಬೇಕು. ಬಂಧುಗಳು ಬರುವುದು ಈ ಸಾಕ್ಷ್ಯಕ್ಕಾಗಿ ಎಂಬುದೇ ನಮ್ಮ ಅಭಿಪ್ರಾಯ.

ಜಾವಳಕ್ಕೆ ಮನೆಯವರು ದೇವರ ಬಳಿಗೆ ಹೋಗುತ್ತಾರೆ. ಬಾದಾಮಿಯ ಹತ್ತಿರ ಚೊಳಚಗುಡ್ಡದಲ್ಲಿರುವ ಬನಶಂಕರಿಯು ಈ ಸೀಮೆಯ ಎಷ್ಟೋ ಮನೆತನಗಳಿಗೆ ಕುಲದೇವತೆ. ವಿಶೇಷವಾಗಿ ದೇವಾಂಗ ನೇಕಾರರು ಆಕೆಯ ಒಕ್ಕಲು. ಈಗಿರುವ ದೇವಾಲಯವನ್ನು ಮರಾಠರ ಸರದಾರನಾದ ಪರಶುರಾಮ ಆಗಳೆಯು 1750ರಲ್ಲಿ ಕಟ್ಟಿಸಿದನು. ಪುಷ್ಯಮಾಸದ ಬನದ ಹುಣ್ಣಿಮೆಗೆ ತೇರು ಸಾಗುತ್ತದೆ. ಅದಕ್ಕೆ ಮುನ್ನ ದೇವಿಗೆ 108 ಬಗೆಯ ಕಾಯಿಪಲ್ಯಗಳ ನೈವೇದ್ಯವಾಗುತ್ತದೆ. ಜನರು ಇದನ್ನು ಪಲ್ಲೇದ ಹಬ್ಬವೆನ್ನುತ್ತಾರೆ. ತೇರಾದ ಮೇಲೂ ವಾರಗಟ್ಟಲೆ ಜಾತ್ರೆ ನಿಲ್ಲುತ್ತದೆ; ನಾಟಕದ ಕಂಪನಿಗಳು ಡೇರೆ ಹಾಕುತ್ತವೆ. ಗುಡಿಯ ಮುಂದಿನ ದೊಡ್ಡ ಹೊಂಡದಲ್ಲಿ ಬಾಳೆಯ ದಿಂಡಿನ ತೆಪ್ಪವನ್ನು ಕಟ್ಟಿ, ಎಳೆಯ ಕೂಸನ್ನು ಅದರ ಮೇಲಿಟ್ಟು ನೀರಿನಲ್ಲಿ ಸಾಗಿಸುವ ಹರಕೆಯೂ ಉಂಟು. ತೆಪ್ಪವನ್ನು ಹಿಡಿಯಲು ಕೈಗಳಿಲ್ಲದಿದ್ದರೆ ಯಾವ ತಾಯಿ ತಾನೆ ಕೂಸನ್ನು ನೀರಿಗೆ ಬಿಟ್ಟಾಳು? ಜಾವಳದಲ್ಲಿ ಮೊದಲ ಕೂದಲನ್ನು ಕತ್ತರಿಸುವಾಗ ಮಗುವು ಸೋದರಮಾವನ ತೊಡೆಯ ಮೇಲಿರುತ್ತದೆ. ಹೆಸರು ತಂದೆಯ ಅಕ್ಕತಂಗಿಯರಿಂದ, ಜಾವಳ ತಾಯಿಯ ಅಣ್ಣತಮ್ಮಂದಿರಿಂದ. ಎರಡು ಮನೆಗಳಿಗೂ ಕೆಲಸವನ್ನು ಸಮವಾಗಿ ಹಂಚಿದ ಹಿರಿಯರ ಜಾಣತನವನ್ನು ಮೆಚ್ಚಬೇಕು.

ಈ ರೀತಿಯು ಒಂದೇ ಮತದವರಿಗೆ ಮೀಸಲಲ್ಲ. ಬ್ರಾಹ್ಮಣರ ಮನೆಯ ಮುಂಜಿಯಲ್ಲಿ ವಟುವು ಮೊದಲ ಭಿಕ್ಷೆಯನ್ನು ಬೇಡುವುದು ತಾಯಿಯನ್ನೇ. ಆಮೇಲೆ ಬಂಧುಗಳಾದ ಹೆಂಗಸರೆಲ್ಲರನ್ನೂ ಬೇಡುತ್ತಾನೆ. ಗುರುಕುಲಕ್ಕೆ ಹೊರಟ ಹುಡುಗನಿಗೆ ಅನ್ನವನ್ನಿಕ್ಕುವ ಹೊಣೆಯನ್ನು ಕುಲವೆಲ್ಲವೂ ಹೊತ್ತುಕೊಂಡಿತೆಂದು ಇದರ ಅರ್ಥ. ಮುಸಲ್ಮಾನರ ಮನೆಗಳಲ್ಲಿ ಮಗುವಿಗೆ ನಾಲ್ಕು ವರ್ಷ, ನಾಲ್ಕು ತಿಂಗಳು, ನಾಲ್ಕು ದಿನ ತುಂಬಿದಾಗ ಬಿಸ್ಮಿಲ್ಲಾ ಹೇಳಿಸಿ ಅಕ್ಷರವನ್ನಾರಂಭಿಸುವ ಪದ್ಧತಿ ನಮ್ಮ ದೇಶದಲ್ಲಿ ಬಹು ಕಾಲದಿಂದ ಉಂಟು; ಅಲ್ಲಿಯೂ ಅಜ್ಜ ಅಜ್ಜಿಯರ, ಮಾವಂದಿರ ನಡುವೆಯೇ ಮಗುವು ಮೊದಲ ಅಕ್ಷರವನ್ನು ಉಚ್ಚರಿಸುತ್ತದೆ. ಇಳಕಲ್ಲಿನಲ್ಲಿ ಮಹಾಂತೇಶ್ವರ ಮಠವೂ ಮುರ್ತುಜಾ ಖಾದ್ರಿಯವರ ದರ್ಗಾವೂ ಒಂದೇ ಊರಿನ ಭಕ್ತರನ್ನು ಸೆಳೆಯುತ್ತವೆ; ಹರಕೆ ಹೊತ್ತ ತಾಯಂದಿರು ಬಾಗಿಲಿನ ಹೆಸರನ್ನು ಕೇಳಿ ನಿಲ್ಲುವುದಿಲ್ಲ.

ಈಗ ದೂರದ ಒಂದು ಮತದ ನಡವಳಿಕೆಯನ್ನು ಪಕ್ಕದಲ್ಲಿಟ್ಟು ನೋಡೋಣ. 1830ರಲ್ಲಿ ಅಮೆರಿಕದಲ್ಲಿ ಜೋಸೆಫ್ ಸ್ಮಿತ್ ಎಂಬವನು ಸ್ಥಾಪಿಸಿದ ಸಭೆಗೆ ಜನರು ಮಾರ್ಮನ್ ಪಂಥವೆನ್ನುತ್ತಾರೆ. ಯೂಟಾ ಸಂಸ್ಥಾನದ ಸಾಲ್ಟ್ ಲೇಕ್ ನಗರವು ಅದರ ಕೇಂದ್ರ. ನಮ್ಮ ನಾಡಿಗೂ ಅದು ಬಂದಿದೆ. ಭಾರತದಲ್ಲಿ ತನ್ನ ಮೊದಲ ದೇವಾಲಯವನ್ನು ಬೆಂಗಳೂರಿನಲ್ಲಿ ಕಟ್ಟುವುದಾಗಿ ಆ ಸಭೆಯು 2018ರಲ್ಲಿ ಸಾರಿ, 2020ರಲ್ಲಿ ನೆಲ ಅಗೆಯುವ ವಿಧಿಯನ್ನು ನಡೆಸಿತು. ಅವರಲ್ಲಿ ಕೂಸಿಗೆ ಹೆಸರಿಟ್ಟು ಹರಸುವಾಗ ತಂದೆ, ಅಜ್ಜ, ಚಿಕ್ಕಪ್ಪ, ಮಾವಂದಿರಲ್ಲಿ ಆ ಸಭೆಯ ಯಾಜಕತ್ವವುಳ್ಳವರು ವರ್ತುಲವಾಗಿ ನಿಂತು, ಎಲ್ಲರೂ ಕೂಸಿನ ಕೆಳಗೆ ಒಂದೊಂದು ಕೈಯನ್ನಿಟ್ಟು ಹಿಡಿಯುತ್ತಾರೆ. ನಮ್ಮ ತೊಟ್ಟಿಲಿನ ಸುತ್ತ ಹೆಂಗಸರ ವರ್ತುಲ, ಅಲ್ಲಿ ಗಂಡಸರದು. ಮಗುವಿಗೆ ಎಂಟು ವರ್ಷ ತುಂಬಿದ ಮೇಲೆ ದೀಕ್ಷಾಸ್ನಾನವಾಗುತ್ತದೆ. ಆಗ ಇಬ್ಬರು ಸಾಕ್ಷಿಗಳು ಹತ್ತಿರವೇ ನಿಂತು, ದೇಹವೂ ಉಡುಪೂ ಪೂರ್ತಿಯಾಗಿ ಮುಳುಗಿದುವೆ ಎಂದು ನೋಡುತ್ತಾರೆ. ಸ್ವಲ್ಪ ಉಳಿದರೂ ವಿಧಿಯನ್ನು ಮತ್ತೆ ಮಾಡಬೇಕು. ಮೊದಲು ಈ ಸಾಕ್ಷ್ಯವು ಯಾಜಕತ್ವವಿದ್ದ ಗಂಡಸರಿಗೆ ಮಾತ್ರವಿತ್ತು. 2019ರ ಅಕ್ಟೋಬರಿನಲ್ಲಿ ಸಭೆಯ ಹಿರಿಯರು ನಿಯಮವನ್ನು ತಿದ್ದಿ, ದೀಕ್ಷೆಯಾದ ಹೆಂಗಸರೂ ಮಕ್ಕಳೂ ಸಾಕ್ಷಿಗಳಾಗಬಹುದೆಂದರು. ಅಂದಿನಿಂದ ಅಜ್ಜಿಯು ಮೊಮ್ಮಗಳ ಸ್ನಾನಕ್ಕೂ, ಅಕ್ಕನು ತಮ್ಮನ ಸ್ನಾನಕ್ಕೂ ಸಾಕ್ಷಿಯಾಗಿ ನಿಲ್ಲುವಂತಾಯಿತು.

ಅವರ ಮದುವೆಯ ವಿಷಯವು ಇನ್ನೂ ಬೋಧಪ್ರದವಾಗಿದೆ. ದಂಪತಿಗಳನ್ನು ಎಂದೆಂದಿಗೂ ಕೂಡಿಸುವುದೆಂದು ಅವರು ನಂಬುವ ವಿಧಿಯು ದೇವಾಲಯದ ಒಳಗೆ ನಡೆಯುತ್ತದೆ; ಸಭೆಯ ಅರ್ಹತೆಯನ್ನು ಪಡೆಯದವರಿಗೆ ಅಲ್ಲಿ ಪ್ರವೇಶವಿಲ್ಲ. ಹೊಸದಾಗಿ ಆ ಮತವನ್ನು ಸೇರಿದ ಮಗನ ಮದುವೆಯಾದರೆ ಹೆತ್ತ ತಾಯಿಯೇ ಹೊರಗೆ ಕುಳಿತಿರಬೇಕಾದೀತು. ಮೊದಲು ಎಲ್ಲರೆದುರಿಗೆ ಲೌಕಿಕ ವಿವಾಹವನ್ನು ಮಾಡಿಕೊಳ್ಳೋಣವೆಂದರೆ, ಅಮೆರಿಕ ಮೊದಲಾದ ದೇಶಗಳಲ್ಲಿ ಅಂಥವರು ದೇವಾಲಯದ ವಿಧಿಗೆ ಒಂದು ವರ್ಷ ಕಾಯಬೇಕಾಗಿತ್ತು. 2019ರ ಮೇ ತಿಂಗಳಿನಲ್ಲಿ ಆ ಕಾಯುವಿಕೆಯನ್ನು ತೆಗೆದುಹಾಕಿದರು. ತಮ್ಮ ವಿಧಿಯ ಬಾಗಿಲನ್ನು ಅವರು ತೆರೆಯಲಿಲ್ಲವೆಂಬುದು ನಿಜ. ಆದರೆ ಹೊರಗೆ ಕುಳಿತ ತಾಯಿಯ ಕಣ್ಣೀರನ್ನು ಲೆಕ್ಕಕ್ಕೆ ತೆಗೆದುಕೊಂಡರು. ಬಂಧುಗಳನ್ನು ಹೊರಗಿಟ್ಟು ನಡೆಸುವ ಮಂಗಳದಲ್ಲಿ ಏನೋ ಕೊರತೆಯಿದೆಯೆಂಬುದು ಅವರಿಗೂ ತಿಳಿಯಿತೆನ್ನಬೇಕು.

ದೂರದವರ ಬಾಗಿಲಿನ ಮಾತನ್ನು ಆಡಿದ ಮೇಲೆ ನಮ್ಮ ಬಾಗಿಲನ್ನೂ ನೋಡಿಕೊಳ್ಳುವುದು ನ್ಯಾಯ. ನಮ್ಮ ಮನೆಗಳಲ್ಲಿಯೂ ಹೊರಗೆ ಕುಳಿತವಳೊಬ್ಬಳಿದ್ದಾಳೆ. ಉಡಿ ತುಂಬುವುದಕ್ಕೆ, ತೊಟ್ಟಿಲು ತೂಗುವುದಕ್ಕೆ, ಹೆಸರು ಕರೆಯುವುದಕ್ಕೆ ಗಂಡನಿಲ್ಲದ ಸೋದರತ್ತೆಯನ್ನು ಅನೇಕ ಮನೆಗಳಲ್ಲಿ ಮುಂದೆ ಕರೆಯುವುದಿಲ್ಲ. ಹೋಳಿಗೆಯ ಹೂರಣವನ್ನು ಅರೆದವಳು ಅವಳು, ಬಾಣಂತಿಗೆ ನೀರೆರೆದವಳು ಅವಳು, ರಾತ್ರಿ ಅತ್ತ ಕೂಸನ್ನು ಎತ್ತಿಕೊಂಡು ಹಜಾರದಲ್ಲಿ ನಡೆದಾಡಿದವಳು ಅವಳು. ಮುಹೂರ್ತವು ಬಂದಾಗ ಮಾತ್ರ ಅವಳು ಅಡಿಗೆಮನೆಯ ಹೊಸ್ತಿಲಿಗೆ ಸರಿಯುತ್ತಾಳೆ. ಯಾರೂ ಸರಿಯೆನ್ನಬೇಕಾಗಿಲ್ಲ, ಅವಳೇ ಸರಿಯುತ್ತಾಳೆ. ಹೆಸರನ್ನು ಬೇರೆ ಯಾರೋ ಕರೆಯುತ್ತಾರೆ. ಸಾಕ್ಷಿಗಳಲ್ಲೆಲ್ಲ ಹಿರಿಯ ಸಾಕ್ಷಿಯನ್ನೇ ನಾವು ಕೈಬಿಟ್ಟೆವು.

ಹುನಗುಂದದ ಸೀಮೆಯಲ್ಲಿ ಈ ನಡತೆಯು ಮತ್ತಷ್ಟು ಅಸಂಗತವಾಗಿ ತೋರುತ್ತದೆ. ಕೃಷ್ಣೆಯೂ ಮಲಪ್ರಭೆಯೂ ಕೂಡುವ ಕೂಡಲಸಂಗಮವು ಇಲ್ಲಿಯೇ ಇದೆಯಷ್ಟೆ. 12ನೆಯ ಶತಮಾನದಲ್ಲಿ ಬಾಲಕನಾದ ಬಸವಣ್ಣನು ತನಗೆ ಉಪನಯನವು ಬೇಡವೆಂದು ತೊರೆದು ಇಲ್ಲಿಗೆ ಬಂದನೆಂದು ಸಂಪ್ರದಾಯವು ಹೇಳುತ್ತದೆ. ಅಕ್ಕನಿಗಿಲ್ಲದ ಸಂಸ್ಕಾರ ತನಗೇಕೆಂದು ಅವನು ಕೇಳಿದನೆಂಬ ಮಾತೂ ಜನರಲ್ಲಿ ಪ್ರಚಾರದಲ್ಲಿದೆ. ಅವನ ಪರವಾಗಿ ನಿಂತ ಬಂಧುವೆಂದರೆ ಅಕ್ಕ ನಾಗಮ್ಮ. ಹೀಗೆ ಈ ಧರ್ಮದ ಕಥೆಯು ಆರಂಭವಾಗುವುದೇ ಒಂದು ಮನೆಯ ಮಂಗಳಕಾರ್ಯವು ನಿಂತುಹೋದ ಪ್ರಸಂಗದಿಂದ. ಕಾರ್ಯವು ನಿಂತಿತು, ಆದರೆ ಬಾಂಧವ್ಯವು ನಿಲ್ಲಲಿಲ್ಲ. ಆಮೇಲೆ ಶರಣರು ಹೆಣ್ಣಿಗೂ ಗಂಡಿಗೂ ಒಂದೇ ಲಿಂಗವನ್ನು ಕೊಟ್ಟರು. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನು ಲಿಂಗವಂತರಿಗಿಲ್ಲವೆಂದು ಕಳೆದರು. ಹೆರಿಗೆಯ ಮೈಲಿಗೆಯನ್ನೂ ಸಾವಿನ ಮೈಲಿಗೆಯನ್ನೂ ಒಪ್ಪದ ಧರ್ಮದಲ್ಲಿ ಗಂಡನು ಸತ್ತುದೇ ಮೈಲಿಗೆಯಾಗುವುದು ಹೇಗೆ? ಲಿಂಗವು ಯಾರ ಎದೆಯ ಮೇಲಿದೆಯೋ ಅವರು ಅಮಂಗಲರಾಗಲಾರರೆಂಬುದು ಈ ಮತದ ಮೂಲಸೂತ್ರ. ಸೂತ್ರವನ್ನು ಒಪ್ಪಿ, ತೊಟ್ಟಿಲಿನ ಬಳಿ ಮಾತ್ರ ಅದನ್ನು ಮರೆತರೆ ನಾವು ಯಾವ ಧರ್ಮವನ್ನು ಆಚರಿಸಿದಂತಾಯಿತು?

ಇನ್ನೊಂದು ಕಷ್ಟವು ಹೊರಗಿನಿಂದ ಬಂದದ್ದು. ಆಲಮಟ್ಟಿಯಲ್ಲಿ ಕೃಷ್ಣೆಗೆ ಅಣೆಕಟ್ಟನ್ನು ಕಟ್ಟಲು 1964ರಲ್ಲಿ ಅಡಿಗಲ್ಲನ್ನಿಟ್ಟರು. 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ಅದನ್ನು ದೇಶಕ್ಕೆ ಸಮರ್ಪಿಸಿದರು. ನೀರು ಬಯಲುಸೀಮೆಯ ಹೊಲಗಳಿಗೆ ಹೋಗಬೇಕಾದರೆ ಯಾರಾದರೂ ಮನೆಗಳನ್ನು ಬಿಡಬೇಕಾಗಿತ್ತು. ಬಹುಸಂಖ್ಯೆಯ ಹಳ್ಳಿಗಳೂ ಹಳೆಯ ಬಾಗಲಕೋಟೆಯ ಒಂದು ದೊಡ್ಡ ಭಾಗವೂ ಹಿನ್ನೀರಿನ ಪಾಲಾದುವು. ಈ ಸೀಮೆಯ ಜನರು ಇದನ್ನು ಮುಳುಗಡೆಯೆಂಬ ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತಾರೆ. ಕೆಲವು ಮೈಲಿಗಳಾಚೆ ನವನಗರವನ್ನು ಅಳತೆ ಹಿಡಿದು ಕಟ್ಟಿದರು. ಅಗಲವಾದ ರಸ್ತೆ, ಗಾಳಿಬೆಳಕಿನ ಮನೆ, ಎಲ್ಲವೂ ಅಲ್ಲಿ ದೊರಕಿದುವು. ಆದರೆ ಹೆಸರಿದ್ದ ಓಣಿಯನ್ನು ಬಿಟ್ಟು ಜನರು ಅಂಕೆಯಿದ್ದ ಸೆಕ್ಟರಿಗೆ ಬಂದರು. ಗೋಡೆಗೆ ಗೋಡೆ ತಗಲಿ ಬಾಳಿದ್ದ ಅಣ್ಣತಮ್ಮಂದಿರಿಗೆ ಬೇರೆ ಬೇರೆ ಕಡೆಗಳಲ್ಲಿ ನಿವೇಶನವಾಯಿತು. ಪರಿಹಾರದ ಹಣವು ಬಂದಾಗ ಅದರ ಪಾಲಿಗಾಗಿ ಒಡೆದ ಮನೆಗಳೂ ಇಲ್ಲದಿಲ್ಲ.

ಮನೆಗಳಿಗೆ ಬೆಲೆಯನ್ನು ಕಟ್ಟಿದರು, ಹೊಲಗಳಿಗೂ ಕಟ್ಟಿದರು. ಕೂಗಿದರೆ ಕೇಳಿಸುವಷ್ಟು ಹತ್ತಿರದಲ್ಲಿ ಸೋದರತ್ತೆಯು ಇದ್ದಳೆಂಬುದಕ್ಕೆ ಯಾವ ಅಧಿಕಾರಿಯು ಏನೆಂದು ಬೆಲೆ ಕಟ್ಟಬಲ್ಲನು? ಕೂಡಲಸಂಗಮದಲ್ಲಿಯೂ ನಾರಾಯಣಪುರದ ಜಲಾಶಯದ ಹಿನ್ನೀರು ಏರಿದಾಗ, ಬಸವಣ್ಣನ ಐಕ್ಯಸ್ಥಳದ ಸುತ್ತ ಬಾವಿಯಂತೆ ಗೋಡೆಯನ್ನು ಎತ್ತಿ, ಭಕ್ತರು ಮೆಟ್ಟಿಲುಗಳನ್ನಿಳಿದು ಹೋಗುವಂತೆ ಮಾಡಿದರು. ದೇವರ ಜಾಗವನ್ನು ಗೋಡೆ ಕಟ್ಟಿ ಉಳಿಸಿಕೊಳ್ಳಬಹುದು. ಬಾಂಧವ್ಯವನ್ನು ಹಾಗೆ ಉಳಿಸುವುದಕ್ಕಾಗುವುದಿಲ್ಲ. ಅದನ್ನು ಆಗಾಗ ಕರೆದು ಕೂಡಿಸಿಯೇ ಉಳಿಸಬೇಕು. ಮುಳುಗಡೆಯಾದ ಮನೆತನಗಳಿಗೆ ಜಾವಳವೂ ದೀಕ್ಷೆಯೂ ಹಿಂದೆ ಇದ್ದುದಕ್ಕಿಂತ ಹೆಚ್ಚಿನ ಬೆಲೆಯುಳ್ಳವಾದುದು ಇದರಿಂದಲೇ. ಮೊದಲು ದಿನವೂ ಸಿಕ್ಕುತ್ತಿದ್ದವರು ಈಗ ಸಿಕ್ಕುವುದು ಆ ದಿನ ಮಾತ್ರ. ಕೆಲಸಕ್ಕಾಗಿ ಗೋವೆಗೂ ಮಂಗಳೂರಿಗೂ ಬೆಂಗಳೂರಿಗೂ ಹೋದ ಮಕ್ಕಳ ವಿಷಯದಲ್ಲಿಯೂ ಇದೇ ಮಾತು ಸಲ್ಲುತ್ತದೆ.

ಹೀಗಿರುವಲ್ಲಿ ಆ ಒಂದು ದಿನವನ್ನು ನಾವು ಹೇಗೆ ಕಳೆಯುತ್ತಿದ್ದೇವೆ? ಮಂಗಳ ಕಾರ್ಯಾಲಯವೊಂದನ್ನು ಹಿಡಿದು, ಸಾವಿರ ಎಲೆಯ ಊಟವನ್ನು ಹೂಡಿ, ಬಂದವರನ್ನು ಒಂದು ಬಾಗಿಲಿನಿಂದ ಒಳಕ್ಕೆ ಬಿಟ್ಟು ಇನ್ನೊಂದರಿಂದ ಹೊರಕ್ಕೆ ಕಳಿಸುತ್ತಿದ್ದೇವೆ. ಹಿಂದೆ ಮುಯ್ಯಿಯೆಂಬುದು ಬಡವನಿಗೆ ಆಧಾರವಾಗಿತ್ತು. ಒಬ್ಬನ ಮನೆಯ ಕಾರ್ಯಕ್ಕೆ ಹತ್ತು ಮನೆಯವರು ಜೋಳ, ಬೆಲ್ಲ, ಬಟ್ಟೆ, ಹಣಗಳನ್ನು ಕೊಟ್ಟು, ತಮ್ಮ ಮನೆಯ ಕಾರ್ಯದಲ್ಲಿ ಅದನ್ನು ಮರಳಿ ಪಡೆಯುತ್ತಿದ್ದರು. ಅದು ಬಡ್ಡಿಯಿಲ್ಲದ ಸಾಲ. ಈಗ ಮುಯ್ಯಿಯ ಪುಸ್ತಕವು ಉಳಿದಿದೆ, ಅದರ ಹಿಂದಿನ ಭಾವವು ಸವೆದಿದೆ. ಅವರು ಮಾಡಿದುದಕ್ಕಿಂತ ಒಂದು ಕೈ ಮೇಲಾಗಬೇಕೆಂಬ ಹಟದಿಂದ ಬಡ್ಡಿಯುಳ್ಳ ಸಾಲವು ಮನೆಗೆ ಬರುತ್ತದೆ. ಮಗುವಿನ ಧರ್ಮಜೀವನದ ಮೊದಲ ಹೆಜ್ಜೆಗೆಂದು ತಂದೆಯು ಹೊಲವನ್ನು ಒತ್ತೆಯಿಟ್ಟರೆ, ಆ ಮಗುವು ನಡೆಯತಕ್ಕ ನೆಲವನ್ನೇ ಕಳೆದಂತಾಯಿತು.

ಇಳಕಲ್ಲಿನ ಚಿತ್ತರಗಿ ಮಹಾಂತ ಸ್ವಾಮಿಗಳು 1975ರಲ್ಲಿ ಆರಂಭಿಸಿದ ಜೋಳಿಗೆಯ ಕಾರ್ಯವು ಇಲ್ಲಿ ನೆನಪಿಗೆ ಬರುತ್ತದೆ. ಜೋಳಿಗೆಯೆಂದರೆ ಜಂಗಮನು ಕಾಳನ್ನೋ ಹಣವನ್ನೋ ಬೇಡುವ ಚೀಲ. ಈ ಸ್ವಾಮಿಗಳು ಮನೆಮನೆಗೆ ಹೋಗಿ, ನಿಮ್ಮ ದುಶ್ಚಟಗಳನ್ನು ಇದರಲ್ಲಿ ಹಾಕಿರೆಂದು ಬೇಡಿದರು. ಕುಡಿತವನ್ನೂ ತಂಬಾಕನ್ನೂ ಬಿಡುತ್ತೇನೆಂದು ಜನರು ಹೆಂಡತಿಮಕ್ಕಳ ಎದುರಿಗೇ ಮಾತು ಕೊಟ್ಟರು. 2018ರಲ್ಲಿ ಸ್ವಾಮಿಗಳು ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ಕರ್ನಾಟಕದಲ್ಲಿ ವ್ಯಸನಮುಕ್ತ ದಿನವೆಂದು ಆಚರಿಸುವುದು ರೂಢಿಯಾಗಿದೆ. ಈ ಕಾರ್ಯದ ಮರ್ಮವೇನು? ಒಬ್ಬನೇ ಕುಳಿತು ಮಾಡಿಕೊಂಡ ಸಂಕಲ್ಪಕ್ಕಿಂತ, ತನ್ನವರು ನೋಡುತ್ತಿರುವಾಗ ಕೊಟ್ಟ ಮಾತು ಗಟ್ಟಿಯಾಗಿ ನಿಲ್ಲುತ್ತದೆ. ಮಾತನ್ನು ಕೊಟ್ಟವನು ತಪ್ಪಿ ನಡೆದರೆ ಅವನನ್ನು ಕೇಳುವ ಹಕ್ಕು ಅಂದು ನೋಡಿದವರಿಗೆ ಬರುತ್ತದೆ. ಅವನು ಎಡವಿದರೆ ಎತ್ತುವ ಹೊಣೆಯೂ ಅವರ ಮೇಲೆಯೇ ಬೀಳುತ್ತದೆ.

ಸಾಕ್ಷಿಗೂ ಅತಿಥಿಗೂ ಇರುವ ಅಂತರ ಇದು. ಅತಿಥಿಯು ಉಂಡು ಹೊರಟುಹೋಗುತ್ತಾನೆ. ಅವನ ಮೇಲೆ ಋಣವಿಲ್ಲ. ಸಾಕ್ಷಿಯು ಕಂಡುದನ್ನು ಹೊತ್ತುಕೊಂಡು ಹೋಗುತ್ತಾನೆ. ಹೆಸರನ್ನು ಕರೆದ ಸೋದರತ್ತೆಯು ಇಪ್ಪತ್ತು ವರ್ಷಗಳ ಮೇಲೆ ಆ ಹುಡುಗನು ದಾರಿ ತಪ್ಪಿದಾಗ, ಈ ಹೆಸರನ್ನು ನಿನಗೆ ಇಟ್ಟವಳು ನಾನು ಎಂದು ಗದರಿಸಬಲ್ಲಳು. ತೊಡೆಯ ಮೇಲೆ ಕೂರಿಸಿಕೊಂಡು ಜಾವಳ ಮಾಡಿಸಿದ ಸೋದರಮಾವನು, ತಂದೆಯಿಲ್ಲದ ಕಾಲದಲ್ಲಿ ಆ ಹುಡುಗಿಯ ಶಾಲೆಯ ಖರ್ಚನ್ನು ತನ್ನದೆಂದು ತಿಳಿಯಬಲ್ಲನು. ಇಂಥ ಹಕ್ಕೂ ಹೊಣೆಯೂ ಆ ದಿನದ ಕಾರ್ಯದಿಂದ ಹುಟ್ಟಿದರೆ ಅದು ನಿಜವಾದ ಸಂಸ್ಕಾರ.

ಆದುದರಿಂದ ನಾವು ಮಾಡತಕ್ಕುದೇನೂ ಬಹಳ ಕಷ್ಟವಾದುದಲ್ಲ. ಕಾರ್ಯವನ್ನು ಹೂಡುವಾಗ ಎಷ್ಟು ಜನರು ಉಣ್ಣುವರೆಂದು ಎಣಿಸುವುದಕ್ಕೆ ಮೊದಲು, ಯಾರಿಗೆ ಯಾವ ಕೆಲಸವು ಸೇರಿದೆಯೆಂದು ಎಣಿಸಬೇಕು. ಕೆಲಸವಿದ್ದವರು ದೂರದಲ್ಲಿದ್ದರೆ ಅವರ ಬಿಡುವನ್ನು ನೋಡಿ ದಿನವನ್ನು ಗೊತ್ತುಮಾಡಬೇಕು. ಬರಲು ಹಣವಿಲ್ಲದಿದ್ದರೆ ಅಲಂಕಾರದ ಹೂವಿನಲ್ಲಿ ಉಳಿಸಿ ಬಸ್ಸಿನ ಖರ್ಚನ್ನು ಕಳಿಸಬೇಕು. ಬೇರೆ ಮತದವರನ್ನು ಮದುವೆಯಾದ ಮಗಳಿದ್ದರೆ ಅವಳನ್ನೂ ಅವಳ ಮನೆಯವರನ್ನೂ ಕರೆಯಬೇಕು. ಅವರಿಗೆ ಮಂತ್ರವು ತಿಳಿಯದಿದ್ದರೂ ಮಗುವು ತಿಳಿಯುತ್ತದೆ. ದೀಕ್ಷೆಯು ದೊಡ್ಡ ಮಕ್ಕಳಿಗಾದರೆ ಅದು ಏನು, ಏಕೆ ಎಂಬುದನ್ನು ಅವರ ಭಾಷೆಯಲ್ಲಿ ಮೊದಲೇ ಹೇಳಬೇಕು. ಕೇಳದೆ ಕಟ್ಟಿದುದನ್ನು ಬಿಚ್ಚಿ ಹೊರಟ ಬಾಲಕನ ಊರಿನ ಪಕ್ಕದಲ್ಲಿರುವ ನಾವು ಇದನ್ನು ಮರೆಯುವಂತಿಲ್ಲ. ಎಲ್ಲಕ್ಕಿಂತ ಮೊದಲು, ಅಡಿಗೆಮನೆಯ ಹೊಸ್ತಿಲಲ್ಲಿ ನಿಂತವಳ ಕೈಯನ್ನು ಹಿಡಿದು ತೊಟ್ಟಿಲಿನ ಬಳಿಗೆ ಕರೆತರಬೇಕು. ಅವಳು ತಾನಾಗಿ ಬರುವುದಿಲ್ಲ. ಇಷ್ಟು ಕಾಲವೂ ಬರಬೇಡವೆಂದು ಕಲಿಸಿದವರು ಈಗ ಬಾ ಎನ್ನಬೇಕು. ಮನೆಯ ಹಿರಿಯನು ಒಂದು ಸಾರಿ ಈ ಮಾತನ್ನಾಡಿದರೆ ಉಳಿದವರು ಒಪ್ಪುವರು.

ಇಳಕಲ್ಲಿನ ಮಗ್ಗದಲ್ಲಿ ಕೊಂಡಿಯನ್ನು ಹಾಕುವಾಗ ಒಂದೆರಡು ಎಳೆಗಳು ಬಿಟ್ಟುಹೋದರೆ ಸೀರೆಯು ಅಂದೇ ಹರಿಯುವುದಿಲ್ಲ. ಅಂಗಡಿಯಲ್ಲಿ ಅದು ಚೆನ್ನಾಗಿಯೇ ಕಾಣುತ್ತದೆ. ಉಟ್ಟು ಒಗೆಯುತ್ತ ಬಂದ ಮೇಲೆ, ಎಳೆ ಬಿಟ್ಟ ಎಡೆಯಿಂದಲೇ ಸೆರಗು ಬಿಡತೊಡಗುತ್ತದೆ. ಮನೆತನದ ಮಾತೂ ಹೀಗೆಯೇ. ಬಿಟ್ಟುಹೋದ ಎಳೆಯು ಯಾವುದೆಂಬುದನ್ನು ಕಾರ್ಯದ ದಿನವೇ ನೋಡಿಕೊಳ್ಳುವುದು ಒಳ್ಳೆಯದು.